ಮಗಳನ್ನು ಈಗಲೇ ಸೀರಿಯಲ್‌ಗೆ ಸೇರಿಸೋದಾ?

ಮಡಿಕೇರಿ ಪೇಟೆಯಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಸಾರ್, ನೀವು ಚಿಕ್ಕ ವಯಸ್ಸಿಂದ ಸಿನಿಮಾದಲ್ಲಿ ಇದ್ದೀರಲ್ಲಾ. ನಮ್ಮ ಮಗಳಿಗೆ ಎಂಟು ವರ್ಷ, ಚೆನ್ನಾಗಿ ಆಕ್ಟ್ ಮಾಡ್ತಾಳೆ. ಈಗಲೇ ಸೇರಿಸಿದ್ರೆ ಮುಂದೆ ದೊಡ್ಡ ಹೆಸರು ಮಾಡಬಹುದು ಅಲ್ವಾ?"

ಕೊಡಗಿನಲ್ಲಿ ಈ ಆಸೆ ಸಹಜ. ಪ್ರೇಮಾ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ ಅಂತ ಬೆರಳು ಮಡಚುತ್ತಾ ಹೋಗಬಹುದು. ಆದರೆ ಇವರ್ಯಾರೂ ಬಾಲನಟಿಯಾಗಿ ಹೆಸರು ಮಾಡಿದವರಲ್ಲ. ವಿರಾಜಪೇಟೆಯ ರಶ್ಮಿಕಾ ಮಂದಣ್ಣ 2016ರಲ್ಲಿ 'ಕಿರಿಕ್ ಪಾರ್ಟಿ'ಯಿಂದ ಶುರು ಮಾಡಿದಾಗ ಅವರಿಗೆ ಇಪ್ಪತ್ತು.

ಚಿಕ್ಕಂದಿನಲ್ಲಿ ಸಿಗುವ ಹೆಸರೇ ಬೇರೆ, ಬಹಳ ವರ್ಷ ಉಳಿಯುವುದೇ ಬೇರೆ. ಇದು ನನ್ನ ಉತ್ತರ.

ಪುನೀತ್ ರಾಜ್‌ಕುಮಾರ್ ಆಗಲಿಲ್ವಾ ಅಂತೀರಿ. 'ಬೆಟ್ಟದ ಹೂವು' ಚಿತ್ರಕ್ಕೆ ಅವರಿಗೆ ಬಾಲನಟ ರಾಷ್ಟ್ರಪ್ರಶಸ್ತಿ ಬಂತು, ಅದು 1985ರ ಸಿನಿಮಾ. ನಾಯಕನಾಗಿ 'ಅಪ್ಪು' ಬಂದದ್ದು 2002ರಲ್ಲಿ. ನಡುವೆ ಒಂದು ದಶಕಕ್ಕೂ ಜಾಸ್ತಿ ಅವರು ನಟನಾಗಿ ತೆರೆಯ ಮೇಲೆ ಕಾಣಲೇ ಇಲ್ಲ. ಡಾ. ರಾಜ್ ಮಗನ ಕಥೆಯೇ ಹೀಗೆ. 'ಮಾಲ್ಗುಡಿ ಡೇಸ್'ನ ಮಾಸ್ಟರ್ ಮಂಜುನಾಥ್ ದೇಶಕ್ಕೆಲ್ಲ ಗೊತ್ತಿದ್ದ ಹುಡುಗ. ಅವರು ನಟನೆ ಬಿಟ್ಟು ಬೇರೆ ಕೆಲಸ ಹಿಡಿದರು. ಅದನ್ನು ಸೋಲು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಇನ್ನೊಂದು ಕಡೆ ಕೆ.ಎಸ್. ಅಶ್ವಥ್ ಇದ್ದಾರೆ. ಸಿನಿಮಾಕ್ಕೆ ಬಂದದ್ದೇ ಮೂವತ್ತರ ಹೊತ್ತಿಗೆ. 1972ರಲ್ಲಿ 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರಾದಾಗ ಐವತ್ತು ಹತ್ತಿರ ಬಂದಿತ್ತು.

ಕಷ್ಟ ಶುರುವಾಗುವುದು ಹದಿಮೂರು ಹದಿನಾಲ್ಕರಲ್ಲಿ. ದನಿ ಒಡೆಯುತ್ತದೆ, ಕೈಕಾಲು ಉದ್ದವಾಗುತ್ತವೆ. ಮಗುವಿನ ಪಾತ್ರಕ್ಕೆ ದೊಡ್ಡವನು, ಕಾಲೇಜು ಹುಡುಗನ ಪಾತ್ರಕ್ಕೆ ಚಿಕ್ಕವನು. ನನಗೆ ಮೀಸೆ ಮೂಡಿದ ವರ್ಷವೇ ಫೋನ್ ನಿಂತಿತು. ನಿರ್ದೇಶಕರಿಗೆ ಏನು ಬೇಜಾರು ಮಾಡಿದೆನೋ ಅಂತ ತಲೆ ಕೆಡಿಸಿಕೊಂಡಿದ್ದೆ. ಅದು ಬರೀ ವಯಸ್ಸಿನ ವಿಷಯ ಅಂತ ಆಗ ಯಾರೂ ಹೇಳಲಿಲ್ಲ. ಮತ್ತೆ ಕೆಲಸ ಸಿಕ್ಕಿದ್ದು ನಾಟಕ ಮಾಡಿ ಮೊದಲಿಂದ ಕಲಿತ ಮೇಲೆ. ಮೊದಲು ನಾಯಕಿಯ ಅಣ್ಣ, ಆಮೇಲೆ ಇನ್ಸ್‌ಪೆಕ್ಟರ್, ಈಗ ಅಪ್ಪ. (ಪೊಲೀಸ್ ಡ್ರೆಸ್ ಹಾಕಿದಷ್ಟು ಸಲ ನಾನು ನಮ್ಮ ಕೊಡವರ ಸಾಂಪ್ರದಾಯಿಕ ಉಡುಪು ಕುಪ್ಯಚೇಲೆ ಹಾಕಿಲ್ಲ.)

ಹಾಗಂತ ಬೇಡವೇ ಬೇಡ ಅನ್ನುವುದಿಲ್ಲ. ಮಗಳಿಗೆ ಖುಷಿ ಇದ್ದರೆ ಬೇಸಿಗೆ ರಜೆಯಲ್ಲಿ ಒಂದು ಪಾತ್ರ ಮಾಡಲಿ. ಆದರೆ ಕಾನೂನು ತಿಳಿದುಕೊಳ್ಳಿ. 2017ರ ನಿಯಮದ ಪ್ರಕಾರ ಮಗುವನ್ನು ದಿನಕ್ಕೆ 5 ಗಂಟೆಗಿಂತ ಜಾಸ್ತಿ, ಬಿಡುವಿಲ್ಲದೆ 3 ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ. ಸತತವಾಗಿ 27 ದಿನ ದಾಟುವಂತಿಲ್ಲ, ಶಾಲೆ ಬಿಡಿಸುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ರೈಲೇ ಇಲ್ಲದ ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಬಸ್ಸಲ್ಲೇ ಆರು ಗಂಟೆ ಬೇಕು ಅನ್ನುವುದೂ ಲೆಕ್ಕದಲ್ಲಿರಲಿ.

ಆಡಿಷನ್‌ಗೆ ಹೋದಲ್ಲಿ ರಿಜಿಸ್ಟ್ರೇಷನ್ ಫೀಸ್, ಪೋರ್ಟ್‌ಫೋಲಿಯೋ ಅಂತ ದುಡ್ಡು ಕೇಳಿದರೆ ಮಾತು ಬೆಳೆಸಬೇಡಿ. ಮಗುವಿಗೆ ಒಂದು ಮಸಾಲೆ ದೋಸೆ ಕೊಡಿಸಿ, ಮಡಿಕೇರಿ ಬಸ್ ಹತ್ತಿ.