ಸ್ಮಿತ್ ಬಂದ ಅಂದ್ರು

ಕೋಲಾರದ ನಮ್ಮ ಕಾಲೇಜಿನಲ್ಲಿ ಕಾಲು ಅಲ್ಲಾಡುವ ಟೇಬಲ್ ಟೆನಿಸ್ ಮೇಜೊಂದಿತ್ತು. ಅದರ ಮೇಲೆ ನಾವು ಟೆನಿಸ್ ಆಡಿದ್ದು ಕಡಿಮೆ. ಎರಡನೇ ಪಿಯುಸಿ ಪೂರ್ತಿ ಅಲ್ಲಿ ನಡೆದದ್ದು ಮೊದಲನೇ ಮೈಸೂರು ಯುದ್ಧದ ಆಟ: ಹೈದರ್ ಅಲಿಗೂ ಬ್ರಿಟಿಷರ ಈಸ್ಟ್ ಇಂಡಿಯಾ ಕುಂಪಣಿಗೂ ನಡೆದದ್ದು.

ಎಲ್ಲ ನಮ್ಮ ಇತಿಹಾಸದ ಮೇಷ್ಟ್ರ ಹುಚ್ಚು. ಪ್ರಷ್ಯಾದ ಸೈನ್ಯಾಧಿಕಾರಿಗಳು ಇನ್ನೂರು ವರ್ಷದ ಹಿಂದೆಯೇ ನಕ್ಷೆ, ದಾಳ ಇಟ್ಟುಕೊಂಡು ಯುದ್ಧ ಕಲಿಯುತ್ತಿದ್ದರು ಅಂತ ಹೇಳಿ, "ನಮಗೆ ಮುಳಬಾಗಿಲಿನ ಕದನ ಇಲ್ವೇನ್ರೋ?" ಅಂದರು.

ಕೋಲಾರಮ್ಮನ ಕೆರೆಯ ಜೇಡಿಮಣ್ಣಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಸಿಪಾಯಿಗಳನ್ನು ಮಾಡಿದೆವು. ಪೊರಕೆ ಕಡ್ಡಿಯೇ ಬಂದೂಕು. ಕುಂಪಣಿಯವರ ಕೆಂಪು ಕೋಟಿಗೆ ಗೋಂದಿನಲ್ಲಿ ಕಲಸಿದ ಕುಂಕುಮ, ನನ್ನ ಕಡೆಯವರಿಗೆ ಬಟ್ಟೆಗೆ ಹಾಕುವ ನೀಲಿ. ಕುದುರೆಗಳು ಮಾತ್ರ ಕೊನೆವರೆಗೂ ಕುರಿಗಳ ಹಾಗೇ ಕಾಣುತ್ತಿದ್ದವು. ಕಾಲಾಳು ಒಂದು ಸಲಕ್ಕೆ ಆರು ಇಂಚು, ಕುದುರೆ ಹನ್ನೆರಡು. ಗುಂಡು ಹೊಡೆಯೋಕೂ ದಾಳ, ಸೈನಿಕರ ಧೈರ್ಯ ಉಳಿಯಿತಾ ಅಂತ ನೋಡೋಕೂ ದಾಳ.

ನಾನು ಹೈದರ್ ಅಲಿ. ಬೂದಿಕೋಟೆಯಲ್ಲಿ ಹುಟ್ಟಿದವನು, ನಮ್ಮ ಜಿಲ್ಲೆಯವನೇ, ಅಂತ ಸ್ವಲ್ಪ ಜಂಬ ಬೇರೆ. ಕುಂಪಣಿಯ ಕರ್ನಲ್ ವುಡ್ ಆಗಿದ್ದವನು ಮುಳಬಾಗಿಲಿನ ಹುಡುಗ. ಅವನನ್ನು ಎಲ್ಲರೂ 'ಮುಳಬಾಗಿಲು' ಅಂತಲೇ ಕರೆಯುತ್ತಿದ್ದೆವು. ಅಲ್ಲಿನ ಬಂಡೆಗಳ ಮಧ್ಯೆ ಮೇಕೆ ಮೇಯಿಸಿದವನು. ಮೇಜಿನ ಮೇಲೆ ಕಲ್ಲು ಜೋಡಿಸಿದ್ದೂ ಅವನೇ. ಅಲ್ಲೇ ನಾನು ಎಚ್ಚರವಾಗಬೇಕಿತ್ತು.

ಒಂದೇ ದಿನದ ಆಟವಾಗಿದ್ದರೆ ಕಡೇ ಸಿಪಾಯಿಯವರೆಗೂ ಹೊಡೆದಾಡಬಹುದು. ನಮ್ಮದು ಹಾಗಲ್ಲ. ದೊಡ್ಡ ನಕ್ಷೆ ಸ್ಟಾಫ್ ರೂಮಿನ ಬೀರುವಿನಲ್ಲಿ ಇರುತ್ತಿತ್ತು. ಪ್ರತಿ ಶನಿವಾರ ಇಬ್ಬರೂ ಚೀಟಿ ಬರೆದು ಕೊಡಬೇಕು, ಮೇಷ್ಟ್ರು ಗುಂಡುಸೂಜಿ ಸರಿಸುತ್ತಾರೆ. ಎದುರಾಳಿಯ ಸೂಜಿ ಎಲ್ಲಿದೆ ಅಂತ ಅವರೊಬ್ಬರಿಗೇ ಗೊತ್ತು. ಇವತ್ತು ಸತ್ತ ಸಿಪಾಯಿ ಮುಂದಿನ ಕದನಕ್ಕೂ ಇಲ್ಲ. ಹಾಗಾಗಿ ಒಂದೊಂದು ಮಣ್ಣಿನ ಗೊಂಬೆ ಬಿದ್ದಾಗಲೂ ಹೊಟ್ಟೆ ಚುರ್ ಅನ್ನುತ್ತಿತ್ತು.

ಒಂದು ಶನಿವಾರ 1768ರ ಅಕ್ಟೋಬರ್ 4ರ ಮುಳಬಾಗಿಲಿನ ಕದನವನ್ನು ಆಡಿದೆವು. ನಿಜವಾದ ಕದನದಲ್ಲಿ ಹೈದರನ ದೊಡ್ಡ ಸೈನ್ಯ ವುಡ್‌ನನ್ನು ಸುತ್ತುವರಿದಿತ್ತು. ಆಗ ಹಿಂದೆ ಸಾಮಾನು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್, ಗಾಯಾಳುಗಳನ್ನೂ ಸೇರಿಸಿಕೊಂಡು ಎರಡು ತೋಪನ್ನು ಬಂಡೆ ಮೇಲೆ ಏರಿಸಿದ. ತೋಪು ಹಾರಿಸಿ "ಸ್ಮಿತ್! ಸ್ಮಿತ್!" ಅಂತ ಕೂಗಿಸಿದ. ಕುಂಪಣಿಯ ಇನ್ನೊಬ್ಬ ಸೇನಾಪತಿ ಕರ್ನಲ್ ಸ್ಮಿತ್‌ನ ಸೈನ್ಯವೇ ಬಂತು ಅಂತ ಹೈದರನ ಕಡೆಯವರು ಗಲಿಬಿಲಿಯಾದರು.

ಇದನ್ನೆಲ್ಲ ನಾನು ಓದಿದ್ದೆ. ಎಷ್ಟು ಪೆದ್ದರಪ್ಪ ಅಂದುಕೊಂಡಿದ್ದೆ. ಆದರೆ ನಮ್ಮ ನಕ್ಷೆಯಲ್ಲಿ ಸ್ಮಿತ್ ಎಲ್ಲಿದ್ದಾನೆ ಅಂತ ಮೂರು ವಾರದಿಂದ ನನಗೆ ಸುದ್ದಿಯೇ ಇರಲಿಲ್ಲ!

ಮಧ್ಯಾಹ್ನ ಮೂರರ ಹೊತ್ತಿಗೆ ಮುಳಬಾಗಿಲು ಕಡೆಯವರು ಅರ್ಧಕ್ಕಿಂತ ಜಾಸ್ತಿ ಬಿದ್ದಿದ್ದರು. ಅವನು ಸುಮ್ನೆ ಮೇಜಿನ ಮೂಲೆಯ ಬಂಡೆ ಮೇಲೆ ಎರಡು ತೋಪು ಇಟ್ಟ. ಮೇಷ್ಟ್ರ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಆಮೇಲೆ ನನ್ನ ಕಡೆ ತಿರುಗಿ, ಮೆತ್ತಗೆ, "ಸ್ಮಿತ್ ಬಂದ ಕಣೋ" ಅಂದ.

ಮೇಷ್ಟ್ರ ಮುಖ ನೋಡಿದೆ. ಅವರು ಕನ್ನಡಕ ಒರೆಸುತ್ತಾ ಕೂತಿದ್ದರು.

ಸುಳ್ಳು ಅಂತ ಮನಸ್ಸು ಹೇಳುತ್ತಿತ್ತು. ನಿಜವಾಗಿದ್ದರೆ? ಹಿಂದಿನಿಂದ ಸ್ಮಿತ್ ಬಿದ್ದರೆ ನಾಳೆಗೆ ನನ್ನ ಹತ್ತಿರ ಸೈನ್ಯವೇ ಇರಲ್ಲ. ಹತ್ತು ನಿಮಿಷ ಬೆರಳು ಕಚ್ಚಿಕೊಂಡು, ಗೆಲ್ಲುತ್ತಿದ್ದ ಕದನ ಬಿಟ್ಟು ವಾಪಸ್ ಬಂದೆ. ಅಸಲಿ ಹೈದರ್ ಸಾವರಿಸಿಕೊಂಡು ಮತ್ತೆ ಮೇಲೆ ಬಿದ್ದಿದ್ದ. ನನಗೆ ಅಷ್ಟು ಧೈರ್ಯವೂ ಬರಲಿಲ್ಲ.

ಸಂಜೆ ಮೇಷ್ಟ್ರು ಬೀರು ತೆಗೆದು ತೋರಿಸಿದರು. ಸ್ಮಿತ್‌ನ ಸೂಜಿ ಕೋಲಾರ ಬಿಟ್ಟು ಅಲ್ಲಾಡಿರಲಿಲ್ಲ.

1769ರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಹೋಗಿ ಕುಂಪಣಿಯವರನ್ನು ಸಂಧಿಗೆ ಒಪ್ಪಿಸಿದ. ನಾನು ಹೋಗಲಾಗಲಿಲ್ಲ, ಪರೀಕ್ಷೆ ಬಂತು. ಆ ಬೀರು ಇನ್ನೂ ಇದ್ದರೆ, ಈಗಿನ ಹುಡುಗರು ಯಾರಾದರೂ ತೆಗೆದು ನೋಡಿ. ನೀಲಿ ತಲೆಯ ಸೂಜಿ ಹೊಸೂರಿನ ಹತ್ತಿರ ಇರಬೇಕು.