ಐದರಲ್ಲಿ ಹತ್ತು ಕಳೆಯುವುದು ಹೇಗೆ?

ಗಂಗಾವತಿ ಕಡೆ ಅನುಪಾತದ ಲೆಕ್ಕಕ್ಕೆ ಉದಾಹರಣೆ ಹುಡುಕಬೇಕಿಲ್ಲ, ಭತ್ತ ಇದೆ. ಹತ್ತನೇ ತರಗತಿಯ ಸಂಜೆ ಪಾಠದಲ್ಲಿ ಬೋರ್ಡಿನ ಮೇಲೆ ಬರೆದ ಲೆಕ್ಕ ಇದು: ಅಣ್ಣ, ತಮ್ಮನ ಭತ್ತದ ಚೀಲಗಳು 3:5 ಅನುಪಾತದಲ್ಲಿವೆ. ತಮ್ಮ 10 ಚೀಲ ಅಣ್ಣನಿಗೆ ಕೊಟ್ಟಾಗ 7:9 ಆಯಿತು. ಮೊದಲು ಯಾರ ಹತ್ತಿರ ಎಷ್ಟಿತ್ತು?

ಹಲವರು ಆಗಲೇ 3ಕ್ಕೆ 10 ಕೂಡಿ 13 ಬರೆದಿದ್ದರು. ಹಿಂದಿನ ಬೆಂಚಿನ ಹುಡುಗಿ ಪೆನ್ನು ನಿಲ್ಲಿಸಿ ಕೇಳಿದಳು: "ಸರ್, ಐದರಾಗ ಹತ್ತು ಹೆಂಗ ಕಳೀಬೇಕ್ರಿ?"

ಕೇಳಬೇಕಾದ ಪ್ರಶ್ನೆಯೇ ಅದು. 3 ಮತ್ತು 5 ಚೀಲಗಳಲ್ಲ, ಪಾಲುಗಳು. ಒಂದು ಪಾಲಿಗೆ ಎಷ್ಟು ಚೀಲ ಎಂದು ಗೊತ್ತಿಲ್ಲ, ಅದನ್ನು 'ಪ' ಎಂದಿಡಿ. ಅಣ್ಣನದು 3ಪ, ತಮ್ಮನದು 5ಪ. ಕೊಟ್ಟ ಮೇಲೆ 3ಪ + 10 ಮತ್ತು 5ಪ − 10. ಅಡ್ಡ ಗುಣಿಸಿದರೆ:

9(3ಪ + 10) = 7(5ಪ − 10)
27ಪ + 90 = 35ಪ − 70
160 = 8ಪ, ಪ = 20

ಇಲ್ಲಿಗೇ ನಿಲ್ಲಿಸಿ 20 ಎಂದು ಉತ್ತರ ಬರೆಯುವವರು ಬಹಳ. 20 ಒಂದು ಪಾಲು ಮಾತ್ರ. ಅಣ್ಣನದು 60, ತಮ್ಮನದು 100. ತಾಳೆ ನೋಡಿ: 70:90, ಅಂದರೆ 7:9. ಆವರಣ ಬಿಡಿಸುವಾಗ 10ಕ್ಕೂ 7ರಿಂದ ಗುಣಿಸುವುದನ್ನು ಮರೆತರೆ ಪ = 12.5 ಬರುತ್ತದೆ, ಅಣ್ಣನಿಗೆ ಮೂವತ್ತೇಳೂವರೆ ಚೀಲ. ಅರೆ ಚೀಲ ಕಂಡಾಗ ಹಿಂದಿನ ಸಾಲಿಗೆ ಹೋಗಿ ನೋಡಬೇಕು.

ಸಮೀಕರಣಕ್ಕೆ ಕೈ ಹಾಕುವ ಮೊದಲು ಯಾವುದು ಬದಲಾಗಿಲ್ಲ ಎಂದು ನೋಡುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಕೊಟ್ಟು ತೆಗೆದುಕೊಂಡರೆ ಒಟ್ಟು ಬದಲಾಗದು. 3:5ನ್ನು 6:10 ಮಾಡಿದರೆ ಕೊಡುವ ಮೊದಲೂ (6:10), ಕೊಟ್ಟ ಮೇಲೂ (7:9) ಒಟ್ಟು 16 ಪಾಲು. ಅಣ್ಣನಿಗೆ 6 ಇದ್ದದ್ದು 7 ಆಯಿತು, ಆ ಒಂದು ಪಾಲೇ 10 ಚೀಲ (3:5ನ್ನು 6:10 ಮಾಡಿದ್ದರಿಂದ ಈ ಪಾಲು ಮೊದಲಿನ 20ರ ಅರ್ಧ). ವಯಸ್ಸಿನ ಲೆಕ್ಕದಲ್ಲಿ ಒಟ್ಟು ಬದಲಾಗುತ್ತದೆ, ಅಂತರ ಹಾಗೇ ಉಳಿಯುತ್ತದೆ. ಅಪ್ಪ, ಮಗ 7:2 ಇದ್ದವರು 10 ವರ್ಷದ ನಂತರ 9:4 ಆದರೆ ಅಂತರ ಎರಡೂ ಸಲ 5 ಪಾಲು. ಎರಡು ಪಾಲು ಬೆಳೆಯಲು 10 ವರ್ಷ. ಅಪ್ಪನಿಗೆ 35, ಮಗನಿಗೆ 10.

ಅಳತೆಯೂ ಒಂದೇ ಇರಬೇಕು. ನಮ್ಮಲ್ಲಿ ಭತ್ತದ ಚೀಲ ಅಂದರೆ 75 ಕೆ.ಜಿ. ಅಣ್ಣನ 60 ಚೀಲವನ್ನು 45 ಕ್ವಿಂಟಾಲ್ ಎಂದು ಕೊಟ್ಟು, ತಮ್ಮನದನ್ನು ಚೀಲದಲ್ಲೇ ಬಿಟ್ಟರೆ 45:100 ಬರೆದು ಮೋಸ ಹೋಗುತ್ತಾರೆ.

ಮೊದಲಿನ 3:5ರಲ್ಲೇ ಇದ್ದಾಗ ಅಣ್ಣ 20, ತಮ್ಮ 30 ಚೀಲ ಮಾರಿ 4:7 ಆದರೆ? ಒಟ್ಟೂ ಉಳಿಯದು, ಅಂತರವೂ ಉಳಿಯದು. ಇಲ್ಲಿ ಸಮೀಕರಣವನ್ನೇ ನಂಬಬೇಕು: 7(3ಪ − 20) = 4(5ಪ − 30), 21ಪ − 140 = 20ಪ − 120, ಪ = 20.