ಲಿಯೊನೊರಾ ಕ್ಯಾರಿಂಗ್ಟನ್ ಬೆನ್ನು ಹತ್ತಿ ಮೆಕ್ಸಿಕೊಗೆ ಹೊರಡುವವರಿಗೆ

ಚಿತ್ರಕಾರ್ತಿ ಲಿಯೊನೊರಾ ಕ್ಯಾರಿಂಗ್ಟನ್ ಹೆಸರಿನಲ್ಲಿ ಮೆಕ್ಸಿಕೊದಲ್ಲಿ ಎರಡು ಮ್ಯೂಸಿಯಂಗಳಿವೆ. ಆಕೆಯ ಚಿತ್ರ ನೋಡುವ ಆಸೆಯಿಂದ ನೇರ ಆ ಎರಡಕ್ಕೇ ಹೋದರೆ ನಿರಾಸೆ ಖಂಡಿತ. ಅಲ್ಲಿರುವುದರಲ್ಲಿ ಹೆಚ್ಚಿನವು ಕಂಚಿನ ಶಿಲ್ಪಗಳು. ಪುಸ್ತಕಗಳಲ್ಲಿ, ಫೋನಿನಲ್ಲಿ ನಾವು ನೋಡಿ ಮರುಳಾದ ಚಿತ್ರಗಳು ಖಾಸಗಿಯವರ ಮನೆಗಳಲ್ಲಿವೆ, ಇಲ್ಲವೇ ಬೇರೆ ದೇಶಗಳಲ್ಲಿ. 1945ರ ಒಂದು ಚಿತ್ರ 2024ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 2.85 ಕೋಟಿ ಡಾಲರಿಗೆ ಹೋಯಿತು, ಕೊಂಡವರು ಅರ್ಜೆಂಟೀನಾದವರು. ಹೀಗಿರುವಾಗ ಮೆಕ್ಸಿಕೊಗೆ ಹೋಗುವುದಾದರೂ ಯಾಕೆ? ಆ ಚಿತ್ರಗಳೊಳಗೆ ಏನೇನು ಬೆಂದಿದೆಯೋ ಅದೆಲ್ಲ ಇನ್ನೂ ಅಲ್ಲಿನ ಬೀದಿ, ಸಂತೆ, ಕಾಡುಗಳಲ್ಲಿ ಸಿಗುತ್ತದೆ, ಅದಕ್ಕೆ. ಸುತ್ತುವ ಕ್ರಮ ಸರಿ ಇರಬೇಕು, ಅಷ್ಟೇ: ಮೊದಲು ರಾಜಧಾನಿ, ಆಮೇಲೆ ಸಾನ್ ಲೂಯಿಸ್ ಪೊತೊಸಿ, ಕೊನೆಗೆ ಬೆಟ್ಟದ ಊರು ಹಿಲಿತ್ಲಾ.

ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಲಿಯೊನೊರಾ ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್‌ನ ಶ್ರೀಮಂತ ಗಿರಣಿ ಮಾಲೀಕರ ಮನೆಯಲ್ಲಿ. ತಾಯಿ ಐರ್ಲೆಂಡಿನವಳು, ಸಾಕಿದ ದಾದಿಯೂ ಅಲ್ಲಿಯವಳೇ. ದಿಬ್ಬಗಳ ಒಳಗೆ ಬದುಕುವ ಕಿನ್ನರರ ಕಥೆ ಕೇಳುತ್ತಲೇ ಹುಡುಗಿ ಬೆಳೆದಳು. ಮನೆ ಬಿಟ್ಟು ಫ್ರಾನ್ಸಿಗೆ ಹೋಗಿ ಚಿತ್ರಕಾರ ಮ್ಯಾಕ್ಸ್ ಅರ್ನ್‌ಸ್ಟ್ ಜೊತೆ ಬದುಕಿದಳು. ಯುದ್ಧ ಬಂದು ಆತನನ್ನು ಸೆರೆ ಹಿಡಿದಾಗ ಸ್ಪೇನಿಗೆ ಓಡಿದಳು. ಅಲ್ಲಿ 1940ರಲ್ಲಿ ಸಾಂತಾಂದೇರ್‌ನ ಹುಚ್ಚಾಸ್ಪತ್ರೆ, ಮೈ ಸೆಟೆಯುವಂಥ ಚುಚ್ಚುಮದ್ದು. ಲಿಸ್ಬನ್, ನ್ಯೂಯಾರ್ಕ್ ದಾಟಿ ಮೆಕ್ಸಿಕೊ ಸೇರಿದವಳು 2011ರಲ್ಲಿ ತೀರಿಕೊಳ್ಳುವವರೆಗೂ ಬಹುಪಾಲು ಅಲ್ಲಿಯೇ ಇದ್ದಳು. ಭವಿಷ್ಯ ಹೇಳುವ ಟ್ಯಾರೋ ಕಾರ್ಡು, ಕಬ್ಬಾಲಾ ಎಂಬ ಯೆಹೂದಿ ಗೂಢವಿದ್ಯೆ, ಲೋಹವನ್ನು ಚಿನ್ನವಾಗಿಸಲು ಹೊರಟ ರಸವಿದ್ಯೆ, ಟಿಬೆಟಿನ ಬೌದ್ಧಧರ್ಮ, ಎಲ್ಲದರಲ್ಲೂ ಕೈಯಾಡಿಸಿದ್ದಾಳೆ. ಆದರೆ ನನ್ನ ಮಟ್ಟಿಗೆ ಆಕೆಯ ಮಾಂತ್ರಿಕತೆಯ ಬೀಗದ ಕೈ ಇರುವುದು ಅಡುಗೆಮನೆಯಲ್ಲಿ. ಕಡಾಯಿಯ ಸುತ್ತ ನಿಂತು ಕಲಕುವ ಹೆಂಗಸರು, ಮೇಜಿನ ಮೇಲೆ ಬೆಳ್ಳುಳ್ಳಿ, ನೆಲದಲ್ಲಿ ಮಂತ್ರವೃತ್ತ. ಬಣ್ಣವನ್ನೂ ಎಷ್ಟೋ ಸಲ ಮೊಟ್ಟೆಯ ಹಳದಿಯಲ್ಲಿ ಕಲಸಿ ಬಳಿಯುತ್ತಿದ್ದಳು. ಆಕೆಯ ಪೋಷಕನಾಗಿದ್ದ ಎಡ್ವರ್ಡ್ ಜೇಮ್ಸ್, ಇವು ಬರೀ ಬರೆದ ಚಿತ್ರಗಳಲ್ಲ, ಭಟ್ಟಿ ಇಳಿಸಿದವು ಅಂದಿದ್ದ. ಇಷ್ಟು ತಲೆಯಲ್ಲಿದ್ದರೆ ಸಾಕು, ಚಿತ್ರ ನೋಡಲು ಗೈಡ್ ಬೇಕಾಗಿಲ್ಲ.

ವೀಸಾ ವಿಷಯ. ಭಾರತದ ಪಾಸ್‌ಪೋರ್ಟ್ ಇದ್ದವರ ಬಳಿ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಶೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಪ್ರವಾಸಕ್ಕೆ ಮೆಕ್ಸಿಕೊದ ಪ್ರತ್ಯೇಕ ವೀಸಾ ಕೇಳುವುದಿಲ್ಲ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ವಿಮಾನದ ಟಿಕೆಟ್ ಮಾಡುವ ಮುಂಚೆ ದೂತಾವಾಸದ ಪುಟ ಒಮ್ಮೆ ನೋಡಿ. ಹೋಗಲು ನವೆಂಬರ್‌ನಿಂದ ಏಪ್ರಿಲ್ ಒಳ್ಳೆಯದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಿಲಿತ್ಲಾ ಕಡೆ ಜಡಿಮಳೆ. ರಾಜಧಾನಿ 2,240 ಮೀಟರ್ ಎತ್ತರದಲ್ಲಿದೆ. ಇಳಿದ ದಿನವೇ ಊರೆಲ್ಲ ಸುತ್ತಲು ಹೊರಟರೆ ತಲೆ ಹಿಡಿದುಕೊಳ್ಳುತ್ತದೆ.

ರಾಜಧಾನಿಯಲ್ಲಿ ಮೊದಲು ನೋಡಬೇಕಾದ್ದು ಚಪುಲ್ತೆಪೆಕ್ ವನದ ರಾಷ್ಟ್ರೀಯ ಮಾನವಶಾಸ್ತ್ರ ಮ್ಯೂಸಿಯಂ. ಮೆಟ್ರೊ 7ನೇ ಲೈನಿನ ಆಡಿಟೋರಿಯೊ ನಿಲ್ದಾಣದಲ್ಲಿ ಇಳಿದು ನಡೆಯಬಹುದು, ಟಿಕೆಟ್ 5 ಪೆಸೊ. ಸೋಮವಾರ ರಜೆ. ಬಂದವರೆಲ್ಲ ಕೆಳಗಿನ ಅಂತಸ್ತಿನಲ್ಲಿರುವ, ಅಜ್ಟೆಕ್ ಜನ ಕೆತ್ತಿದ ಸೂರ್ಯಶಿಲೆಯ ಮುಂದೆ ಫೋಟೊ ತೆಗೆಸಿಕೊಂಡು, ಕಾಲು ಸೋತು ಹೊರಗೆ ಬಂದುಬಿಡುತ್ತಾರೆ. ನೀವು ಉಲ್ಟಾ ಮಾಡಿ. ಮೊದಲು ಮಹಡಿ ಹತ್ತಿ. ಇಂದಿನ ಜನಾಂಗಗಳ ಬದುಕಿನ ಕೋಣೆಗಳು ಅಲ್ಲಿವೆ, ಮಾಯಾ ಎಂಬ ಮೂಲನಿವಾಸಿ ಜನರ ಕಡೆ ಲಿಯೊನೊರಾಳ ದೊಡ್ಡ ಚಿತ್ರವಿದೆ: ‘ಮಾಯಾ ಜನರ ಮಾಂತ್ರಿಕ ಲೋಕ’, 1963ರದ್ದು, ನಾಲ್ಕು ಮೀಟರಿಗೂ ಹೆಚ್ಚು ಅಗಲ. ಮೇಲಿನ ಕೋಣೆಗಳನ್ನು ಆಗಾಗ ರಿಪೇರಿಗೆ ಮುಚ್ಚುತ್ತಾರೆ. ಟಿಕೆಟ್ ಕೊಳ್ಳುವಾಗಲೇ ಹೆಸರು ಹೇಳಿ ಕೇಳಿಬಿಡಿ.

ಈ ಮ್ಯೂಸಿಯಂ ಬಾಗಿಲು ತೆರೆದದ್ದು 1964ರಲ್ಲಿ. ಅದಕ್ಕೆಂದೇ ಸರ್ಕಾರ ಆಕೆಯಿಂದ ಈ ಚಿತ್ರ ಬರೆಸಿತು. ಬರೆಯುವ ಮುಂಚೆ ಆಕೆ ಮಾಯಾ ಜನರಿರುವ ದಕ್ಷಿಣದ ಚಿಯಾಪಾಸ್ ರಾಜ್ಯಕ್ಕೆ ಹೋಗಿ, ಸಾನ್ ಕ್ರಿಸ್ತೋಬಾಲ್‌ನಲ್ಲಿ ಗರ್ಟ್ರೂಡ್ ಬ್ಲೋಮ್ ಎಂಬ ಛಾಯಾಗ್ರಾಹಕಿಯ ಮನೆಯಲ್ಲಿ ಉಳಿದು, ಸಿನಾಕಂತಾನ್‌ನ ಕುರಾಂದೇರೊಗಳು, ಅಂದರೆ ಗಿಡಮೂಲಿಕೆ, ಮಂತ್ರ ಎರಡರಿಂದಲೂ ರೋಗ ನೋಡುವವರು, ಮಾಡುವ ವಿಧಿಗಳನ್ನು ಹತ್ತಿರದಿಂದ ಕಂಡಿದ್ದಳು. ಚಿತ್ರದಲ್ಲಿ ಮೂರು ಲೋಕ. ಮೇಲೆ ಸೂರ್ಯ, ಚಂದ್ರ, ಕಾಮನಬಿಲ್ಲಾಗಿ ಬಾಗಿದ ಸರ್ಪ. ನಡುವೆ ಇಗರ್ಜಿ, ಮೆರವಣಿಗೆ, ಬೆಟ್ಟ. ಕೆಳಗೆ ಪಾತಾಳದ ಜೀವಿಗಳು. ನಾನು ಮೊದಲು ಪಾತಾಳದ ಪಟ್ಟಿಯನ್ನು ಎಡದಿಂದ ಬಲಕ್ಕೆ ನಿಧಾನ ನೋಡಿ, ಆಮೇಲೆ ಮೇಲಕ್ಕೆ ಹೋದೆ. ಹಾಗೆ ನೋಡಿದರೆ ಒಂದು ವಿಷಯ ಹೊಳೆಯುತ್ತದೆ: ಮಧ್ಯಲೋಕದ ಇಗರ್ಜಿಗೂ ಕೆಳಗಿನ ಪ್ರಾಣಿಗಳಿಗೂ ಆಕೆ ಜಗಳ ಹಚ್ಚಿಲ್ಲ. ಯಾವುದು ದೇವರು, ಯಾವುದು ದೆವ್ವ ಎಂದು ಪಂಕ್ತಿಭೇದ ಮಾಡಿಲ್ಲ. ಹೊರಗಿನಿಂದ ಬಂದವರು ಇಂಥ ಲೋಕವನ್ನು ಬರೆದಾಗ ಬರುವ ಬೆರಗಿನ ಅತಿರೇಕವೂ ಇಲ್ಲಿ ಕಡಿಮೆ. ಅರ್ಧ ಗಂಟೆಯಾದರೂ ಇಡಿ.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ಆಧುನಿಕ ಕಲಾ ಮ್ಯೂಸಿಯಂ. ಅದಕ್ಕೂ ಸೋಮವಾರ ರಜೆ, ಭಾನುವಾರ ಪ್ರವೇಶ ಉಚಿತ. ಇಲ್ಲಿ ಹುಡುಕಬೇಕಾದ್ದು ಲಿಯೊನೊರಾಳನ್ನಲ್ಲ, ಆಕೆಯ ಜೀವದ ಗೆಳತಿ ರೆಮೆದಿಯೋಸ್ ವಾರೊಳನ್ನು. ಸ್ಪೇನಿನಲ್ಲಿ ಹುಟ್ಟಿ, ಯುದ್ಧದಲ್ಲಿ ಫ್ರಾನ್ಸಿನಿಂದ ಓಡಿಬಂದು ಇದೇ ಊರಲ್ಲಿ ನೆಲೆಸಿದ ಚಿತ್ರಕಾರ್ತಿ, 1963ರಲ್ಲಿ ತೀರಿಕೊಂಡಳು. ಇಬ್ಬರೂ ಕೂಡಿ ಸ್ವಪ್ನ, ಮಂತ್ರ, ಅಡುಗೆ ಎಲ್ಲವನ್ನೂ ಬೆರೆಸಿ ಪ್ರಯೋಗ ಮಾಡುತ್ತಿದ್ದರು. ‘ಹಕ್ಕಿಗಳ ಸೃಷ್ಟಿ’ ಎಂಬ ಚಿತ್ರ ಗೋಡೆಯ ಮೇಲಿದ್ದರೆ ನಿಮ್ಮ ಅದೃಷ್ಟ. ಗೂಬೆಯ ಮೈಯ ಹೆಂಗಸು ಮೇಜಿನ ಮುಂದೆ ಕುಳಿತಿದ್ದಾಳೆ. ಕೊರಳಲ್ಲಿ ಪುಟ್ಟ ಪಿಟೀಲು, ಅದರ ತಂತಿಗೆ ಕೂಡಿಕೊಂಡ ಕುಂಚ. ಮೊಟ್ಟೆಯಾಕಾರದ ಯಂತ್ರದಿಂದ ಬಣ್ಣ ಇಳಿಯುತ್ತದೆ, ಇನ್ನೊಂದು ಕೈಯ ಗಾಜಿನ ತ್ರಿಕೋನದಿಂದ ಆಕಾಶದ ಬೆಳಕು ಹಾಯುತ್ತದೆ, ಬರೆದ ಹಕ್ಕಿ ಕಾಗದ ಬಿಟ್ಟು ಹಾರುತ್ತದೆ. ರಸವಿದ್ಯೆಯನ್ನು ಇಷ್ಟು ಅಚ್ಚುಕಟ್ಟಾಗಿ ಬರೆದವರು ಕಡಿಮೆ. ಒಂದು ಎಚ್ಚರಿಕೆ: ಈ ಮ್ಯೂಸಿಯಂನ ಗೋಡೆಗಳು ಬದಲಾಗುತ್ತಿರುತ್ತವೆ, ವಾರೊ ಚಿತ್ರಗಳು ಕೆಲವು ತಿಂಗಳು ಉಗ್ರಾಣದಲ್ಲಿರುವುದೂ ಉಂಟು. ಹೋಗುವ ವಾರ ಅವರ ಪುಟದಲ್ಲಿ ಏನು ನಡೆಯುತ್ತಿದೆ ನೋಡಿಕೊಳ್ಳಿ.

ರೋಮಾ ಬಡಾವಣೆಯ ಚಿಹುವಾಹುವಾ ಬೀದಿಯಲ್ಲಿ ಲಿಯೊನೊರಾ ಬದುಕಿದ ಮನೆಯಿದೆ. ಈಗ ವಿಶ್ವವಿದ್ಯಾಲಯವೊಂದರ ಕೈಯಲ್ಲಿದೆ. ಬಾಗಿಲು ಹೋದವರಿಗೆಲ್ಲ ತೆರೆಯುವುದಿಲ್ಲ. ಒಳಗನ್ನು ಆನ್‌ಲೈನ್ ನೋಟದಲ್ಲಿ ನೋಡಿಕೊಂಡು ಹೋಗಿ, ಬೀದಿಯನ್ನು ಕಾಲಲ್ಲಿ ನೋಡಿ. ಪಸೆಯೊ ದೆ ಲಾ ರಿಫಾರ್ಮಾ ರಸ್ತೆಯಲ್ಲಿ ಆಕೆಯ ಕಂಚಿನ ಮೊಸಳೆ ಇದೆ, ಮೊಸಳೆಯೇ ದೋಣಿ, ಹುಟ್ಟು ಹಾಕುವವನೂ ಮೊಸಳೆ. ಊರಿಗೆ ಆಕೆಯೇ ಕೊಟ್ಟ ಕಾಣಿಕೆ. ದಾರಿಯಲ್ಲಿ ಹೋಗುತ್ತ ನೋಡಿದರೆ ಸಾಕು.

ಸಮಯವಿದ್ದರೆ ಸೊನೊರಾ ಮಾರುಕಟ್ಟೆಗೆ ಹೋಗಿ, ಮೆರ್ಸೆದ್ ನಿಲ್ದಾಣದಿಂದ ನಡೆದು ಹೋಗಬಹುದು. ಗಿಡಮೂಲಿಕೆ, ಮಾಟ, ತಾಯತ, ಸಾಂತಾ ಮುಎರ್ತೆ ಎಂಬ ಮೃತ್ಯುದೇವಿಯ ಮೂರ್ತಿಗಳು, ಎಲ್ಲ ಒಂದೇ ಸೂರಿನಡಿ. ಇಲ್ಲಿ ‘ಲಿಂಪಿಯಾ’ ಮಾಡುತ್ತಾರೆ: ಸೊಪ್ಪಿನ ಕಂತೆಯಿಂದ ಮೈ ಬಡಿದು, ಹಸಿ ಮೊಟ್ಟೆಯನ್ನು ತಲೆಯಿಂದ ಕಾಲಿನವರೆಗೆ ಸವರಿ, ಲೋಟದ ನೀರಿಗೆ ಒಡೆದು, ತೇಲಿದ ಆಕಾರ ನೋಡಿ ಏನು ತಗುಲಿದೆ ಹೇಳುತ್ತಾರೆ. ನಮ್ಮ ಅಜ್ಜಿಯರು ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಂತೆಯೇ. ಇದನ್ನು ಕಂಡ ಮೇಲೆ ಲಿಯೊನೊರಾಳ ಚಿತ್ರದ ಮೊಟ್ಟೆಗಳು ಬರೀ ಸಂಕೇತ ಅನ್ನಿಸುವುದಿಲ್ಲ. ದರ ಮೊದಲೇ ಮಾತಾಡಿಕೊಳ್ಳಿ. ಕೇಳದೆ ಫೋಟೊ ತೆಗೆಯಬೇಡಿ, ಫೋನು ಒಳಜೇಬಿನಲ್ಲಿರಲಿ. ಜೀವಂತ ಪ್ರಾಣಿಗಳನ್ನು ಮಾರುವ ಸಾಲೂ ಇದೆ, ಮನಸ್ಸು ತಡೆಯದವರು ಆ ಕಡೆ ತಿರುಗದಿರುವುದು ಮೇಲು.

ಸಾನ್ ಲೂಯಿಸ್ ಪೊತೊಸಿಗೆ ಬಸ್ಸು ಉತ್ತರ ಟರ್ಮಿನಲ್‌ನಿಂದ ಹೊರಡುತ್ತದೆ, ಸುಮಾರು 400 ಕಿ.ಮೀ., ಐದಾರು ಗಂಟೆ. ಬಸ್ಸಿನ ಎ.ಸಿ. ಮೈ ಕೊರೆಯುತ್ತದೆ, ಶಾಲು ಕೈಯಲ್ಲಿರಲಿ. ಅಲ್ಲಿನ ಲಿಯೊನೊರಾ ಮ್ಯೂಸಿಯಂ 2018ರ ಮಾರ್ಚಿನಲ್ಲಿ ಶುರುವಾದದ್ದು, ಹಳೆಯ ಸೆರೆಮನೆಯ ಕಟ್ಟಡದಲ್ಲಿ. ಮೆಕ್ಸಿಕೊದ ಕ್ರಾಂತಿಗೆ ಕರೆ ಕೊಟ್ಟ ಮದೇರೊ 1910ರಲ್ಲಿ ಸೆರೆಯಲ್ಲಿದ್ದದ್ದು ಇದೇ ಊರಲ್ಲಿ. ಕೈದಿಗಳ ಕೋಣೆಗಳ ಸಾಲಿನಲ್ಲಿ ಈಗ ಹಕ್ಕಿಮುಖದ ಹೆಂಗಸರು, ಕೊಂಬಿನ ಪುರೋಹಿತರು ಕಂಚಿನಲ್ಲಿ ನಿಂತಿದ್ದಾರೆ. ಹುಚ್ಚಾಸ್ಪತ್ರೆಯಲ್ಲಿ ಕೂಡಿಹಾಕಿಸಿಕೊಂಡಿದ್ದವಳ ಕೃತಿಗಳಿಗೆ ಸೆರೆಮನೆಯನ್ನೇ ಕೊಟ್ಟದ್ದು ಯೋಚಿಸಿ ಮಾಡಿದ್ದೋ ಆಕಸ್ಮಿಕವೋ, ಹೊಂದಿಕೆಯಂತೂ ಚೆನ್ನಾಗಿದೆ. ಶಿಲ್ಪಗಳ ಬಗ್ಗೆ ನನ್ನ ಮಾತು: ಬಹಳಷ್ಟು ಕೊನೆಗಾಲದವು, ಚಿತ್ರಗಳಲ್ಲಿರುವ ಹುದುಗು ಇವುಗಳಲ್ಲಿಲ್ಲ. ಚಿತ್ರಗಳಲ್ಲಿ ಮೂಲೆಮೂಲೆಗೂ ಏನೋ ನಡೆಯುತ್ತಿರುತ್ತದೆ, ಇಲ್ಲಿ ಒಂಟಿ ಆಕೃತಿ ನಿಂತುಬಿಡುತ್ತದೆ. ಮುಖವಾಡಗಳೂ ಸಣ್ಣಪುಟ್ಟ ರೇಖಾಚಿತ್ರಗಳೂ ಹೆಚ್ಚು ಹಿಡಿಸಿದವು. ಅರ್ಧ ದಿನ ಸಾಕು. ಸಸ್ಯಾಹಾರಿಗಳಿಗೆ ಈ ಊರಿನ ಎಂಚಿಲಾದಾ ಪೊತೊಸಿನಾ ಒದಗುತ್ತದೆ, ಮೆಣಸಿನಕಾಯಿ ಕಲಸಿದ ಮೆಕ್ಕೆಜೋಳದ ಹಿಟ್ಟಿನೊಳಗೆ ಚೀಸ್. ಆದರೆ ಕರಿಯುವುದು ಹಂದಿಕೊಬ್ಬಿನಲ್ಲೋ ಎಣ್ಣೆಯಲ್ಲೋ ಕೇಳಿ. ಕೊಬ್ಬಿಗೆ ಅಲ್ಲಿ ‘ಮಾಂತೆಕಾ’ ಅನ್ನುತ್ತಾರೆ.

ಹಿಲಿತ್ಲಾಗೆ ಸಿಯುದಾದ್ ವಾಯೆಸ್ ಮೂಲಕ ಹೋಗಬೇಕು. ಅಲ್ಲಿಯವರೆಗೆ ದೊಡ್ಡ ಬಸ್ಸು, ಮುಂದಿನ ಸುಮಾರು ಎರಡು ಗಂಟೆ ಸಣ್ಣ ಬಸ್ಸು. ಇಂಗ್ಲಿಷ್ ನಕ್ಷೆಗಳಲ್ಲಿ ಊರ ಹೆಸರು ಎಕ್ಸ್ ಅಕ್ಷರದಿಂದ ಶುರುವಾಗುತ್ತದೆ, ಹಾಗೇ ಹುಡುಕಿ. ಬೆಟ್ಟದ ಇಳಿಜಾರಿನ ಕಾಫಿ ಬೆಳೆಯುವ ಊರು. ಪೆಸೊ ನೋಟುಗಳನ್ನು ವಾಯೆಸ್‌ನಲ್ಲೇ ತೆಗೆದಿಟ್ಟುಕೊಳ್ಳಿ, ಎಲ್ಲ ಕಡೆ ಕಾರ್ಡ್ ನಡೆಯುವುದಿಲ್ಲ. ಎರಡನೆಯ ಲಿಯೊನೊರಾ ಮ್ಯೂಸಿಯಂ ಊರ ನಡುವೆಯೇ ಇದೆ, 2018ರ ಅಕ್ಟೋಬರಿನದ್ದು, ಚಿಕ್ಕದು. ಇದಕ್ಕಿಂತ ಮುಖ್ಯ ‘ಎಲ್ ಕಾಸ್ತಿಯೊ’ ಎಂಬ ಮನೆ. ಎಡ್ವರ್ಡ್ ಜೇಮ್ಸ್‌ನ ಗೆಳೆಯ, ಕೆಲಸಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಪ್ಲುತಾರ್ಕೊ ಗಾಸ್ತೇಲುಮ್ ಕಟ್ಟಿಸಿದ್ದು. ಇಲ್ಲಿಗೆ ಬಂದಾಗ ಲಿಯೊನೊರಾ ಗೋಡೆಯ ಮೇಲೆ ಅರ್ಧ ಹೆಣ್ಣು ಅರ್ಧ ಪ್ರಾಣಿಯ ಆಕೃತಿಯೊಂದನ್ನು ನೇರವಾಗಿ ಬರೆದುಬಿಟ್ಟಿದ್ದಾಳೆ. ಚೌಕಟ್ಟಿಲ್ಲ, ಕಾವಲಿಲ್ಲ. ಈ ಪ್ರವಾಸದಲ್ಲಿ ಆಕೆಯ ಕೈ ನನಗೆ ಅತಿ ಹತ್ತಿರ ಅನ್ನಿಸಿದ್ದು ಇಲ್ಲಿ. ವಸತಿಗೃಹವಾಗಿ ನಡೆಯುವ ಮನೆಯಾದ್ದರಿಂದ ಒಳಗೆ ಹೋಗಲು ಮೊದಲೇ ವಿಚಾರಿಸಿ.

ಊರ ಹೊರಗೆ ಲಾಸ್ ಪೋಸಾಸ್, ಎಡ್ವರ್ಡ್ ಜೇಮ್ಸ್‌ನ ಕಾಡುತೋಟ. ಜೇಮ್ಸ್ ಇಲ್ಲಿ ಆರ್ಕಿಡ್ ಸಾಕುತ್ತಿದ್ದ. 1962ರ ಹಿಮಕ್ಕೆ ಅವೆಲ್ಲ ಸತ್ತ ಮೇಲೆ, ಸಾಯದ ಹೂವು ಬೇಕೆಂದು ಕಾಂಕ್ರೀಟಿನಲ್ಲಿ ಕಟ್ಟಿಸತೊಡಗಿದ. ಎಲ್ಲಿಗೂ ತಲುಪದ ಮೆಟ್ಟಿಲು, ಗೋಡೆಯಿಲ್ಲದ ಬಾಗಿಲು, ಕಾಡಿನ ನಡುವೆ ಕಂಬಗಳು. 1984ರಲ್ಲಿ ಆತ ಸಾಯುವವರೆಗೂ ಮುಗಿಯಲಿಲ್ಲ, ಖರ್ಚಿಗೆ ತನ್ನ ಕಲಾಸಂಗ್ರಹವನ್ನೇ ಮಾರಿದ. ಲಿಯೊನೊರಾಳ ಚಿತ್ರದೊಳಗೆ ಕಾಲಿಟ್ಟಂತಿದೆ ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಆಕೆಯ ಲೋಕದಲ್ಲಿ ಯಾರೋ ಏನೋ ಕೆಲಸದಲ್ಲಿರುತ್ತಾರೆ, ಒಲೆ ಉರಿಯುತ್ತಿರುತ್ತದೆ. ಇದು ಯಜಮಾನ ಎದ್ದು ಹೋದ ಅರಮನೆ. ಬೆರಗು ಬೇರೆ, ಮಂತ್ರ ಬೇರೆ.

ಮಂಗಳವಾರ ಲಾಸ್ ಪೋಸಾಸ್ ಮುಚ್ಚಿರುತ್ತದೆ, ಬೇರೆ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಆದ್ದರಿಂದ ಹಿಲಿತ್ಲಾವನ್ನು ಬುಧವಾರದ ಮೇಲೆ ಇಟ್ಟುಕೊಳ್ಳಿ, ವಾರಾಂತ್ಯದ ಜಂಗುಳಿಗೆ ಮುಂಚೆ. ಗೈಡ್ ಜೊತೆ ಗುಂಪಿನಲ್ಲೇ ಬಿಡುತ್ತಾರೆ, ಟಿಕೆಟ್ ಮುಂಗಡ ಮಾಡಿ, ಬೆಳಗಿನ ಮೊದಲ ಸರದಿ ಸಿಕ್ಕರೆ ಬಿಡಬೇಡಿ. ಮೆಟ್ಟಿಲಲ್ಲೆಲ್ಲ ಪಾಚಿ, ಹಿಡಿಯಲು ಕಂಬಿ ಇಲ್ಲ. ಹಿಡಿತವಿರುವ ಬೂಟು ಬೇಕು, ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮೂ. ಮರಳುವಾಗ ಹಾಲ್ಪಾನ್, ಕೆರೇತಾರೊ ದಾರಿ ಹಿಡಿದರೆ ಸಿಯೆರಾ ಗೋರ್ದಾ ಬೆಟ್ಟಸಾಲಿನ ಬಣ್ಣದ ಇಗರ್ಜಿಗಳನ್ನೂ ನೋಡಬಹುದು, ಯುನೆಸ್ಕೊ ಪಟ್ಟಿಯಲ್ಲಿರುವಂಥವು. ಆದರೆ ಆ ಘಾಟಿಯ ತಿರುವುಗಳು ಸಾಮಾನ್ಯದವಲ್ಲ, ಮಂಜೂ ಇಳಿಯುತ್ತದೆ. ವಾಂತಿಯಾಗುವ ಅಭ್ಯಾಸವಿದ್ದವರು ಮಾತ್ರೆಯನ್ನು ಹಿಲಿತ್ಲಾದಲ್ಲೇ ನುಂಗಿ ಹತ್ತಿ, ಹಗಲಿನ ಬಸ್ಸನ್ನೇ ಹಿಡಿಯಿರಿ.